ಸತ್ಯಾಂಶ: ಐಟಿಐ ಸೇರಿದರೆ ಮುಂದೆ ಓದೋಕಾಗಲ್ಲವೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಕೂಡಲೇ ಮೈಸೂರು, ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತದೆ: ‘ಐಟಿಐ ಸೇರಿದರೆ ಓದು ಅಲ್ಲಿಗೇ ಮುಗಿಯಿತು, ಎಂಜಿನಿಯರಿಂಗ್ ಬಾಗಿಲು ಬಂದ್.’ ಇದು ತಪ್ಪು.

ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್‌ನಂಥ ಎರಡು ವರ್ಷದ ಟ್ರೇಡ್ ಪಾಸಾದವರು ಪಾಲಿಟೆಕ್ನಿಕ್‌ನಲ್ಲಿ ತಮ್ಮ ಟ್ರೇಡ್‌ಗೆ ಹೊಂದುವ ಡಿಪ್ಲೊಮಾದ ಎರಡನೇ ವರ್ಷಕ್ಕೇ, ಅಂದರೆ ಮೂರನೇ ಸೆಮಿಸ್ಟರ್‌ಗೆ, ಲ್ಯಾಟರಲ್ ಎಂಟ್ರಿ ಪಡೆಯಬಹುದು. ಡಿಪ್ಲೊಮಾ ಮುಗಿಸಿ ಡಿಸಿಇಟಿ (ಡಿಪ್ಲೊಮಾ ಆದವರ ಪ್ರವೇಶ ಪರೀಕ್ಷೆ) ಬರೆದು ಸೀಟು ಪಡೆದರೆ ನೇರ ಬಿಇ ಎರಡನೇ ವರ್ಷ. ಲೆಕ್ಕ ಹಾಕಿ: 2+2+3, ಒಟ್ಟು ಏಳು ವರ್ಷ. ಪಿಯುಸಿ ದಾರಿಯಲ್ಲಿ ಆರು. ವ್ಯತ್ಯಾಸ ಒಂದೇ ವರ್ಷ, ಅದೂ ಕೈಯಲ್ಲಿ ಕಸುಬು ಇಟ್ಟುಕೊಂಡು.

ಎಡವುವುದು ಬೇರೆ ಕಡೆ. ವೆಲ್ಡರ್, ಕೋಪಾ (ಕಂಪ್ಯೂಟರ್ ಆಪರೇಟರ್) ಒಂದೇ ವರ್ಷದ ಟ್ರೇಡ್‌ಗಳು; ಮುಂದೆ ಡಿಪ್ಲೊಮಾ ಆಸೆಯಿದ್ದರೆ ಅರ್ಜಿ ತುಂಬುವಾಗಲೇ ಎರಡು ವರ್ಷದ್ದನ್ನು ಆರಿಸಿ. ಡಿಪ್ಲೊಮಾ ಮೊದಲ ವರ್ಷದ ಗಣಿತ ತಪ್ಪಿರುವುದರಿಂದ ಮೂರನೇ ಸೆಮಿಸ್ಟರ್ ಕಷ್ಟವಾಗುತ್ತದೆ. ರಜೆಯಲ್ಲೇ ಆ ಪುಸ್ತಕ ಓದಿಕೊಳ್ಳಿ. ಖಾಸಗಿ ಐಟಿಐ ಆದರೆ ಶುಲ್ಕ ಕಟ್ಟುವ ಮೊದಲು, ನೀವು ಸೇರುವ ಟ್ರೇಡ್‌ಗೇ ಕೇಂದ್ರದ ತರಬೇತಿ ಮಹಾನಿರ್ದೇಶನಾಲಯದ (ಡಿಜಿಟಿ) ಮಾನ್ಯತೆ, ಅಂದರೆ ಹಿಂದೆ ಎನ್‌ಸಿವಿಟಿ ಮಾನ್ಯತೆ ಎನ್ನುತ್ತಿದ್ದದ್ದು, ಇದೆಯೇ ನೋಡಿ. ಸಂಸ್ಥೆಗೆ ಇದ್ದು ಟ್ರೇಡ್‌ಗೆ ಇಲ್ಲದಿರಬಹುದು. ಆಧಾರ್ ಮತ್ತು ಅಂಕಪಟ್ಟಿಯ ಹೆಸರು, ಇನಿಶಿಯಲ್ ಸಮೇತ, ಒಂದೇ ಇರಲಿ.

ಕೆಲಸವೇ ಬೇಕೆನ್ನುವವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಸ್ಟೈಪೆಂಡ್ ಸಹಿತ ತರಬೇತಿಯಿದೆ. ಮೈಸೂರಿನ ರೈಲ್ವೆ ಕಾರ್ಯಾಗಾರವೂ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುತ್ತದೆ. ಆದರೆ ಅಪ್ರೆಂಟಿಸ್‌ಶಿಪ್ ಎಂದರೆ ಕಾಯಂ ನೌಕರಿಯ ಭರವಸೆಯಲ್ಲ.