ಸಭೆಯಲ್ಲಿ ಬಾಯಿ ಬಿಟ್ಟರೆ ಕೇಸ್ ಬೀಳುವುದಿಲ್ಲ

ಹಾವೇರಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಆತ್ಮಹತ್ಯೆ ತಡೆಗೆ ಏನು ಮಾಡಬೇಕೆಂದು ಊರವರನ್ನು ಕೇಳುವ ಸಭೆಗೆ ಹೋಗಬೇಡಿ, "ನಾನೂ ಒಮ್ಮೆ ಪ್ರಯತ್ನಿಸಿದ್ದೆ" ಅಂದರೆ ಪೊಲೀಸ್ ಕೇಸ್ ಆಗುತ್ತದೆ ಅಂತ. ಇದು ತಪ್ಪು.

ಹೆದರಿಕೆ ಸುಮ್ನೆ ಹುಟ್ಟಿದ್ದಲ್ಲ ಬಿಡಿ. ಹಳೆಯ ದಂಡ ಸಂಹಿತೆಯ 309ನೇ ಕಲಂ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದರೆ ಒಂದು ವರ್ಷದವರೆಗೆ ಜೈಲಿತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಅದನ್ನು ಬದಲಿಸಿತು: ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಮೊದಲು ಭಾವಿಸಬೇಕು, ಶಿಕ್ಷಿಸಬಾರದು. ಅವರ ಆರೈಕೆ ಸರ್ಕಾರದ ಹೊಣೆ. ಹಳೆಯ ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆ ಹಳೇ ಕಲಂ ಇಲ್ಲವೇ ಇಲ್ಲ. ಸರ್ಕಾರಿ ನೌಕರರನ್ನು ಮಣಿಸಲು ಹಾಗೆ ಮಾಡಿದರೆ ಮಾತ್ರ 226ನೇ ಕಲಂ ಇದೆ. ಇನ್ನೊಬ್ಬರನ್ನು ಸಾಯಲು ಪ್ರಚೋದಿಸುವುದು ಈಗಲೂ ಅಪರಾಧ. ಅದು ಬೇರೆ ಮಾತು.

ಸಭೆಯಲ್ಲಿ ಸ್ವಂತ ಕಥೆ ಹೇಳಲೇಬೇಕು ಅಂತಲೂ ಇಲ್ಲ. ಬೆಳೆಗೆ ಹೊಡೆಯುವ ಎಣ್ಣೆಯನ್ನು ಯಾರು ಬೀಗ ಹಾಕಿ ಇಡಬೇಕು, ಸಾಲದ ಚಿಂತೆಯಲ್ಲಿರುವವರ ಮನೆಗೆ ಆಶಾ ಕಾರ್ಯಕರ್ತೆ ಹೋಗಬಹುದಾ? ಇಂಥದ್ದು ಊರವರಿಗಿಂತ ಜಾಸ್ತಿ ಯಾರಿಗೆ ಗೊತ್ತು, ಅಲ್ವಾ?

ಈಗಲೇ ಯಾರೊಂದಿಗಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ ಫೋನ್ ಮಾಡಿ, 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಸಿಗುತ್ತದೆ. ನೇರವಾಗಿ ತೋರಿಸಲು ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್ ಇದೆ.