ದುಡ್ಡು ಕೈಲಿ ಹಿಡ್ಕೊಂಡೋರು ಪಕ್ಕಕ್ಕೆ ನಿಂತ್ಕೋಬೇಕಂತೆ

"ಅಮ್ಮಾ, ಸ್ವಲ್ಪ ಪಕ್ಕಕ್ಕೆ ಬನ್ನಿ, ಪೇ ಮಾಡೋರಿಗೆ ಜಾಗ ಬಿಡಿ."

ಪೇ ಮಾಡೋರಿಗೆ ಜಾಗ ಬಿಡ್ಬೇಕಂತೆ! ಮತ್ತೆ ದೊಡ್ಡಮ್ಮ ನೋಟು ಹಿಡ್ಕೊಂಡು ಆ ಐಸ್‌ಕ್ರೀಮ್ ಅಂಗಡಿ ಕೌಂಟರಲ್ಲಿ ನಿಂತು ಏನ್ ಮಾಡ್ತಿದ್ರು, ಹಾಡು ಹೇಳ್ತಿದ್ರಾ?

ರಾತ್ರಿ ಹನ್ನೆರಡೂವರೆ ಆಗಿದೆ, ಮನೇಲಿ ಎಲ್ಲ ಮಲಗಿದಾರೆ, ನಂಗೆ ಮಾತ್ರ ನಿದ್ದೆ ಹತ್ತಿರ ಸುಳೀತಿಲ್ಲ. ದೊಡ್ಡಮ್ಮ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಮೊಮ್ಮಕ್ಕಳಿಬ್ಬರನ್ನ ಕಟ್ಕೊಂಡು, ರಾಜಧಾನಿ ನೋಡ್ಬೇಕು ಅಂತ ಬಂದಿದಾರೆ. ತೋರಿಸ್ದೆ. ಚೆನ್ನಾಗಿ ತೋರಿಸ್ದೆ.

ಸಾಯಂಕಾಲದವರೆಗೂ ಎಲ್ಲ ಸರಿಯಾಗೇ ಇತ್ತು, ಅದಕ್ಕೇ ಇಷ್ಟು ಉರೀತಿರೋದು. ಬೆಳಗ್ಗೆ ಕೆ.ಆರ್. ಮಾರ್ಕೆಟ್ಟಲ್ಲಿ ಹೂವಿನಾಕೆ ಬುಟ್ಟಿಗೆ ರಟ್ಟಿನ ಬೋರ್ಡು ಸಿಕ್ಕಿಸಿದ್ರು, 'ಯುಪಿಐ ಇಲ್ಲ, ಕ್ಯಾಶ್ ಮಾತ್ರ'. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆಯವರು ಯುಪಿಐ ಲೆಕ್ಕ ತೆಗೆದು, ವರ್ಷದ ವಹಿವಾಟು 40 ಲಕ್ಷ ದಾಟಿದೆ, ಜಿಎಸ್‌ಟಿ ಕಟ್ಟಿ ಅಂತ ಬೇಕರಿ, ಕಾಂಡಿಮೆಂಟ್ಸ್‌ನವರಿಗೆಲ್ಲ ನೋಟಿಸ್ ಕಳಿಸಿದ್ರಲ್ಲ, ಆಗ ಊರು ತುಂಬ ಎದ್ದ ಬೋರ್ಡಿನ ಪೈಕಿ ಇದೂ ಒಂದಿರ್ಬೇಕು. ನನ್ನ ಜೇಬಲ್ಲಿ ಒಂದು ನೋಟಿಲ್ಲ. ದೊಡ್ಡಮ್ಮನೇ ಕೊಟ್ರು. "ಏನಪಾ, ಇಷ್ಟ್ ದೊಡ್ಡ ಪಗಾರದವನು, ಕಿಸೇದಾಗ ಹೂವಿಗೂ ರೊಕ್ಕ ಇಲ್ಲೇನು?" ಅಂತ ನಕ್ರು. ಚಿಕ್ಕಪೇಟೆಯಲ್ಲಿ ಸೀರೆಯವನಂತೂ ನೋಟು ನೋಡ್ತಿದ್ದಂಗೆ ದನಿಯೇ ಬದಲಾಯಿಸಿಬಿಟ್ಟ. "ಕ್ಯಾಶಾ ಅಮ್ಮಾ? ಹಂಗಾದ್ರೆ ಇನ್ನೂ ನೂರು ಬಿಡ್ತೀನಿ." ಕೆಂಪೇಗೌಡರು 1537ರಲ್ಲಿ ಕಟ್ಟಿದ ಪೇಟೆ ಇದು, ಅಕ್ಕಿಗೊಂದು ಪೇಟೆ, ಅರಳೆಗೊಂದು ಪೇಟೆ ಅಂತ ನಾನು ಗೈಡ್ ಥರ ಕೊರೀತಿದ್ರೆ ದೊಡ್ಡಮ್ಮ ಚೌಕಾಸಿಯಲ್ಲಿ ಮುಳುಗಿದ್ರು. ಅಲ್ಲಿ ಅವರೇ ರಾಣಿ.

ಟಿಪ್ಪು ಅರಮನೆ ಮಾತ್ರ ಅವರಿಗೆ ಹಿಡಿಸಲಿಲ್ಲ. ಮರದ ಕೆಲಸ, ಹೈದರಾಲಿ 1781ರಲ್ಲಿ ಶುರು ಮಾಡಿಸಿ ಟಿಪ್ಪು 1791ರಲ್ಲಿ ಮುಗಿಸಿದ್ದು ಅಂದ್ರೆ, ಒಂದು ಸುತ್ತು ಕಣ್ಣಾಡಿಸಿ "ನಮ್ಮ ಕಡೆ ಆನಿ ಲಾಯನ ಇದಕ್ಕಿಂತ ದೊಡ್ಡದೈತಿ" ಅಂದುಬಿಟ್ರು. ಹಂಪಿ ಪಕ್ಕದವರಿಗೆ ಅರಮನೆ ತೋರಿಸೋಕೆ ಹೋದ್ರೆ ಇಷ್ಟೇ ಕಥೆ. ಗಾಂಧಿ ಬಜಾರಲ್ಲಿ ದೋಸೆ ತಿಂದಾಗ ಕ್ಯಾಷಿಯರ್ ಒದ್ದೆ ಸ್ಪಂಜಿಗೆ ಬೆರಳೊತ್ತಿ ನೋಟು ಎಣಿಸಿ, ಚಿಲ್ಲರೆ ಜೊತೆಗೆ "ಊಟಕ್ಕೂ ಬನ್ನಿ" ಅಂದ್ರು. ವಿಧಾನಸೌಧದ ಮುಂದೆ ಫೋಟೋ ಆಯ್ತು. ಹಗಲು ಓಡಾಡಿದ್ದೆಲ್ಲ ಬಿಎಂಟಿಸಿಯಲ್ಲೇ. ಅವರು ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತಗೊಳ್ಳೋರು, ನಾನು ದುಡ್ಡು ಕೊಡೋನು. ಆ ಉಳಿದ ಬಸ್ ಚಾರ್ಜಲ್ಲೇ ಸಾಯಂಕಾಲ ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸ್ತೀನಿ, ನೀನು ಕೈ ಬಿಚ್ಚಬಾರ್ದು ಅಂತ ನನ್ನಿಂದ ಮಾತು ತಗೊಂಡಿದ್ರು. ಇದನ್ನ ನೆನಪಲ್ಲಿಟ್ಕೊಳಿ.

ರಾತ್ರಿ ಚರ್ಚ್ ಸ್ಟ್ರೀಟು. ಕಲ್ಲು ಹಾಸಿದ ರಸ್ತೆ, ಮೇಲಿನ ಮಹಡಿಯ ಪಬ್ಬುಗಳಿಂದ ಧಡ್ ಧಡ್ ಸದ್ದು, ಗುಂಪು ಗುಂಪು ಜನ. "ಇವ್ರಿಗೆಲ್ಲ ಮನಿ ಇಲ್ಲೇನು?" ಅಂದ್ರೂ ದೊಡ್ಡಮ್ಮನ ಮುಖ ಅರಳಿತ್ತು. ಆಮೇಲೆ ಆ ಐಸ್‌ಕ್ರೀಮ್ ಅಂಗಡಿ.

ಹೆಸರು ಹೇಳಲ್ಲ. ಹೇಳಿದ್ರೆ ನೀವೆಲ್ಲ ಹೋಗಿ ಒಂದು ಸ್ಟಾರ್ ಒತ್ತಿ ಬರ್ತೀರಿ, ಆ ಹುಡುಗನ ಕೆಲಸ ಹೋಗುತ್ತೆ, ಮಾಲೀಕನಿಗೆ ಏನೂ ಆಗಲ್ಲ.

ನಾಲ್ಕು ಕಪ್ಪು, 620 ರೂಪಾಯಿ. ದೊಡ್ಡಮ್ಮ ಚಿನ್ನದಂಗಡಿಯವರು ಕೊಡ್ತಾರಲ್ಲ ಮೆರೂನ್ ಬಣ್ಣದ ಜಿಪ್ ಪರ್ಸು, ಅದನ್ನ ತೆಗೆದ್ರು. ಅಂಗಡಿ ಹೆಸರು ಅರ್ಧ ಅಳಿಸಿಹೋಗಿದೆ, ಜಿಪ್ಪಿಗೆ ಪಿನ್ನು ಸಿಕ್ಕಿಸಿದೆ. ಐನೂರರದ್ದು ಒಂದು, ಐವತ್ತರದ್ದು ಎರಡು, ಇಪ್ಪತ್ತರದ್ದು ಒಂದು. ಮಡಿಕೆ ಬಿಡಿಸಿ, ಅಂಗೈಯಲ್ಲಿ ಒತ್ತಿ ನೇರ ಮಾಡಿ, ಗಾಜಿನ ಮೇಲೆ ಒಂದರ ಪಕ್ಕ ಒಂದು ಇಟ್ರು. ಸರಿಯಾಗಿ 620. ಚಿಲ್ಲರೆ ಕೇಳೋ ಹಾಗೂ ಇಲ್ಲ.

ಹುಡುಗ ಪೆನ್ನಿನ ಹಿಂಬದಿಯಿಂದ ಆ ನೋಟುಗಳನ್ನ ಈ ಕಡೆ ತಳ್ಳಿದ. ಕೈಯಲ್ಲಿ ಮುಟ್ಟಲಿಲ್ಲ. ಪೆನ್ನಲ್ಲಿ! "ಕ್ಯಾಶ್ ತಗೊಳಲ್ಲ ಅಮ್ಮಾ, ಸ್ಕ್ಯಾನ್ ಮಾಡಿ." ಅಚ್ಚ ಕನ್ನಡದ ಹುಡುಗ ಸ್ವಾಮಿ, ಭಾಷೆ ಜಗಳ ತೆಗೆಯೋಕೂ ನಂಗೆ ದಾರಿ ಇಲ್ಲ. ದೊಡ್ಡಮ್ಮನಿಗೆ ಅರ್ಥ ಆಗಲಿಲ್ಲ, ನೋಟು ಹರಿದಿದೆಯೇನೋ ಅಂದ್ಕೊಂಡು ಐನೂರರ ನೋಟನ್ನ ಎತ್ತಿ ಲೈಟಿಗೆ ಹಿಡಿದು ತೋರಿಸಿದ್ರು. "ತಮ್ಮಾ, ಚಲೋ ನೋಟ್ ಐತಿ ನೋಡು." ಅವನು ಗಾಜಿನ ಒಳಗಡೆ ಅಂಟಿಸಿದ್ದ ಅಂಗೈಯಗಲದ ಚೀಟಿ ಕಡೆ ಬೆರಳು ತೋರಿಸಿದ. ಇಂಗ್ಲಿಷಲ್ಲಿ 'ವಿ ಆರ್ ಕ್ಯಾಶ್‌ಲೆಸ್', ಪಕ್ಕದಲ್ಲಿ ನಗೋ ಮುಖ. ಆಮೇಲೆ ಆ ಮಾತು. ಪಕ್ಕಕ್ಕೆ ಬನ್ನಿ, ಪೇ ಮಾಡೋರಿಗೆ ಜಾಗ ಬಿಡಿ. ದೊಡ್ಡಮ್ಮ ಸರಿದ್ರು. ಒಂದು ಮಾತಾಡದೆ ನೋಟು ಆಯ್ಕೊಂಡು, ಮೊಮ್ಮಗಳ ಭುಜ ಹಿಡ್ಕೊಂಡು, ಸರಿದು ನಿಂತ್ರು.

ನಾನು ಸ್ಕ್ಯಾನ್ ಮಾಡ್ದೆ. ಸುತ್ತುತ್ತಾ ಇದೆ ಚಕ್ರ. ಪ್ರೊಸೆಸಿಂಗ್. ನನ್ನ ಖಾತೆಯಿಂದ ದುಡ್ಡು ಹೋಯ್ತು ಅಂತ ಮೆಸೇಜ್ ಬಂತು, ದುಡ್ಡು ಬಂತು ಅಂತ ಕೂಗೋ ಅವನ ಡಬ್ಬಿ ಬಾಯೇ ಬಿಡ್ತಿಲ್ಲ. "ನಮಗೆ ಬಂದಿಲ್ಲ ಸರ್, ಇನ್ನೊಂದ್ಸಲ ಮಾಡಿ." ಕಪ್ಪಲ್ಲಿ ಐಸ್‌ಕ್ರೀಮ್ ಕರಗ್ತಿದೆ, ಹಿಂದೆ ಕ್ಯೂ ನಿಟ್ಟುಸಿರು ಬಿಡ್ತಿದೆ, ಎರಡು ಹೆಜ್ಜೆ ಆಚೆ ದೊಡ್ಡಮ್ಮನ ಮುಷ್ಟಿಯಲ್ಲಿ 620 ರೂಪಾಯಿ ಇದೆ, ನಾವೆಲ್ಲ ಚಕ್ರ ನೋಡ್ಕೊಂಡು ನಿಂತಿದೀವಿ! ಕೊನೆಗೆ ಹಿಂದಿದ್ದ ಒಬ್ಬ ಹುಡುಗಿ "ಆಂಟಿ, ನಾನು ಪೇ ಮಾಡ್ತೀನಿ, ನೀವು ನಂಗೆ ಕ್ಯಾಶ್ ಕೊಡಿ" ಅಂದ್ಳು. ಒಳ್ಳೆ ಹುಡುಗಿ. ಅವಳ ಫೋನು ಕೆಲಸ ಮಾಡ್ತು. ನೋಡಿ ಈಗ, ಗಾಜಿನ ಆ ಕಡೆ ಚಲಾವಣೆ ಆಗದ ನೋಟು ಈ ಕಡೆ ಕ್ಯೂನಲ್ಲಿ ಸಲೀಸಾಗಿ ಕೈ ಬದಲಾಯಿತು.

ಹೋಗ್ಲಿ ಬಿಡಿ. ಅವರ ಅಂಗಡಿ, ಅವರ ರೂಲು. ಕಳ್ಳತನದ ಭಯ ಇಲ್ಲ, ಲೆಕ್ಕ ತಪ್ಪಲ್ಲ, ನಂಗೂ ಅರ್ಥ ಆಗುತ್ತೆ.

ಇಲ್ಲ, ಅರ್ಥ ಆಗಲ್ಲ. ಮನೆಗೆ ಬಂದು ಹುಡುಕ್ದೆ, 1934ರ ರಿಸರ್ವ್ ಬ್ಯಾಂಕ್ ಕಾಯ್ದೆ, ಸೆಕ್ಷನ್ 26. ಬ್ಯಾಂಕ್ ನೋಟು ಭಾರತದ ಯಾವ ಜಾಗದಲ್ಲಾದ್ರೂ ಕಾನೂನುಬದ್ಧ ಹಣ ಅಂತಿದೆ. ಯಾವ ಜಾಗದಲ್ಲಾದ್ರೂ ಅಂದ್ರೆ ಚರ್ಚ್ ಸ್ಟ್ರೀಟೂ ಸೇರುತ್ತಲ್ವಾ? ಹಾಗಿದ್ರೆ ಬೇಡ ಅನ್ನೋಕೆ ಅವನಿಗೆ ಅಧಿಕಾರ ಕೊಟ್ಟೋರು ಯಾರು? ಇಲ್ಲಿ ವಕೀಲರಿದ್ರೆ, ಬ್ಯಾಂಕಿನವರಿದ್ರೆ, ದಯವಿಟ್ಟು ಯಾರಾದ್ರೂ ಉತ್ತರ ಕೊಡಿ. ಅಲ್ಲಿ ಕೌಂಟರ್ ಮುಂದೆ ತುಟಿ ಬಿಚ್ಚದ ಮಹಾಶೂರ ಈಗ ಹೊದಿಕೆ ಒಳಗೆ ಸೆಕ್ಷನ್ ನಂಬರ್ ಹೇಳ್ತಿದಾನೆ ಅಂತ ನಗಬೇಡಿ. ಅಥವಾ ನಗಿ, ಆದ್ರೆ ಉತ್ತರ ಕೊಟ್ಟು ನಗಿ.

'ಇವರಿಗೆ ಯುಪಿಐ ಕಲಿಸೋದಲ್ವಾ' ಅಂತ ಬರೆಯೋಕೆ ಬೆರಳು ತುರಿಸ್ತಿರೋರಿಗೆ: ಬಟನ್ ಫೋನಿಗೂ 2022ರಿಂದ ಯುಪಿಐ ಇದೆ, ಗೊತ್ತು ಮಾರಾಯರೇ. ದೊಡ್ಡಮ್ಮನ ಹತ್ರ ಟಚ್ ಫೋನೇ ಇದೆ, ವಾಟ್ಸಾಪಲ್ಲಿ ದಿನಾ ದೇವರ ಫೋಟೋ ಬರುತ್ತೆ. ಅವರ ಓಣೀಲಿ ಒಬ್ಬರ ಖಾತೆ ಯಾವನೋ ಫೋನ್ ಮಾಡಿ ಖಾಲಿ ಮಾಡಿದ ಮೇಲೆ ಬ್ಯಾಂಕಿಗೂ ಫೋನಿಗೂ ಗಂಟು ಹಾಕಲ್ಲ ಅಂತ ಹಟ ಹಿಡಿದಿದಾರೆ. ತಪ್ಪಾ? ಅದೂ ಹೋಗ್ಲಿ, ಆ ಐವತ್ತರ ನೋಟು ತಿರುಗಿಸಿ ನೋಡಿ, ಹಂಪಿಯ ಕಲ್ಲಿನ ತೇರಿದೆ. ವಾಪಸ್ ಬರೋವಾಗ ಮೆಟ್ರೋದಲ್ಲಿ ಮೊಮ್ಮಗ ಅದನ್ನೇ ಕೇಳ್ತಿದ್ದ, "ಅಜ್ಜಿ, ನಮ್ಮೂರ ನೋಟ್ ಇಲ್ಲಿ ನಡಿಯಂಗಿಲ್ಲೇನು?" ದೊಡ್ಡಮ್ಮ "ನಡೀತೈತಿ, ಸುಮ್ಕಿರು" ಅಂದು ಕಿಟಕಿ ಕಡೆ ತಿರುಗಿದ್ರು. ನಾನು ಏನು ಹೇಳ್ಲಿ?

ನಗದು ಬೇಡವಾದ್ರೆ ಬೇಡ ಅನ್ನಿ. ಆದ್ರೆ ಅದನ್ನ ಬಾಗಿಲ ಹೊರಗೆ, ಕನ್ನಡದಲ್ಲಿ, ದಾರಿಹೋಕರಿಗೆ ಕಾಣೋ ಹಾಗೆ ಬರೆದು ಹಾಕಿ. ಮಾರ್ಕೆಟ್ಟಿನ ಹೂವಿನಾಕೆ ರಟ್ಟಿನ ಮೇಲೆ ಬರೆದು ಹಾಕಿಲ್ವಾ? ಕಪ್ಪು ತುಂಬಿಸಿ ಕೈಗೆ ಕೊಟ್ಟ ಮೇಲೆ ಚೀಟಿ ತೋರಿಸೋದು ಯಾವ ಸೀಮೆ ವ್ಯಾಪಾರ? ಇಷ್ಟು ಬರೆದ್ರೂ ನಾಳೆಯೂ ಆ ಚೀಟಿ ಅಲ್ಲೇ ಇರುತ್ತೆ, ಗೊತ್ತು. ನನ್ನ 620 ಇನ್ನೂ ವಾಪಸ್ ಬಂದಿಲ್ಲ, ಮೂರು ಕೆಲಸದ ದಿನ ಕಾಯಿರಿ ಅಂತ ಆ್ಯಪ್ ಹೇಳ್ತಿದೆ.

ನಾಳೆ ಮಕ್ಕಳಿಗೆ ನೆಹರು ತಾರಾಲಯ ಅಂತ ಮಾತು ಕೊಟ್ಟಾಗಿದೆ. ಟಿಕೆಟ್ ತಾವೇ ತಗೋತೀನಿ ಅಂತ ದೊಡ್ಡಮ್ಮ ಈಗಾಗ್ಲೇ ದುಡ್ಡು ಎತ್ತಿಟ್ಟಿದಾರೆ. ಈಚೆಗೆ ಹೋಗಿ ಬಂದೋರು ಯಾರಾದ್ರೂ ಇದ್ರೆ, ಅಲ್ಲಿ ಕೌಂಟರಲ್ಲಿ ಕ್ಯಾಶ್ ತಗೋತಾರಾ ಇಲ್ವಾ, ಬೆಳಗ್ಗೆ ಒಂಬತ್ತರೊಳಗೆ ಹೇಳಿಬಿಡಿ.