ದಯವಿಟ್ಟು ಅದನ್ನು ಆಯ್ಕೆ ಎಂದು ಕರೆಯಬೇಡಿ

ಬಿ.ಕಾಂ. ಮೊದಲ ಸೆಮಿಸ್ಟರಿಗೆ ವಿಷಯ ಆರಿಸಿಕೊಳ್ಳಿ ಎಂದು ಆಗತಾನೇ ಪಿಯುಸಿ ಮುಗಿಸಿದ ಮಕ್ಕಳ ಕೈಗೆ ಒಂದು ಅರ್ಜಿ ಕೊಡುತ್ತಾರಲ್ಲ, ಅದು ಶುದ್ಧ ಮೋಸ. ತಮ್ಮನನ್ನು ಕಾಲೇಜಿಗೆ ಸೇರಿಸಿ ಬಂದಾಗಿನಿಂದ ನನಗೆ ಮೈಯೆಲ್ಲ ಉರಿಯುತ್ತಿದೆ.

ಅವನು ಪಿಯುಸಿಯಲ್ಲಿ ಎಚ್‌ಇಬಿಎ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರ ಓದಿದವನು. ಮುಂದೆ ಎಂಬಿಎ ಮಾಡಬೇಕು, ಸಾಧ್ಯವಾದರೆ ಲೆಕ್ಕಪರಿಶೋಧಕನಾಗುವ ದಾರಿಯ ಮೊದಲ ಪರೀಕ್ಷೆಯಾದ ಸಿಎ ಫೌಂಡೇಷನ್ ಬರೆಯಬೇಕು ಎಂಬ ಆಸೆ ಇಟ್ಟುಕೊಂಡಿದ್ದಾನೆ. ಪ್ರವೇಶದ ಮೇಜಿನಲ್ಲಿ ಕೊಟ್ಟ ಜೆರಾಕ್ಸ್ ಹಾಳೆಯಲ್ಲಿ ಇಂಗ್ಲಿಷ್ ಜೊತೆಗೆ ಓದಬೇಕಾದ ಇನ್ನೊಂದು ಭಾಷೆಗೆ ಒಂದು ಖಾನೆ ಇತ್ತು. ಕನ್ನಡ ಎಂದು ಬರೆಯಲು ಪೆನ್ನು ತೆಗೆದರೆ, ಅಲ್ಲಿ ಆಗಲೇ ಹಿಂದಿ ಎಂಬ ನೀಲಿ ಮೊಹರು ಬಿದ್ದಿತ್ತು. ಓರೆಯಾಗಿ ಒತ್ತಿದ್ದರಿಂದ ಶಾಯಿ ಕೆಳಗಿನ ಗೆರೆಗೂ ಹರಡಿತ್ತು. ಮೇಜಿನ ಮೇಲಿದ್ದ ಕಟ್ಟಿನ ಅರ್ಜಿಗಳಲ್ಲೂ ಅದೇ ಮೊಹರು. ಕೇಳಿದ್ದಕ್ಕೆ ಅಲ್ಲಿದ್ದವರು ಹೇಳಿದರು: “ಕನ್ನಡ ಸೆಕ್ಷನ್ ತುಂಬಿದೆಯಮ್ಮ. ಹಿಂದಿಗೆ ಮಕ್ಕಳು ಸೇರದಿದ್ದರೆ ಮೇಷ್ಟರಿಗೆ ವರ್ಕ್‌ಲೋಡ್ ಇರುವುದಿಲ್ಲ. ಅಂಕವೂ ಚೆನ್ನಾಗಿ ಬರುತ್ತದೆ, ಪರ್ಸೆಂಟೇಜ್ ಏರುತ್ತದೆ.”

ಹಿಂದಿಯ ಮೇಲೆ ನನಗೆ ಸಿಟ್ಟಿಲ್ಲ, ಬೇಕಾದವರು ಓದಲಿ. ಆದರೆ 2021ರಲ್ಲಿ ಪದವಿಗೆ ಕನ್ನಡ ಕಡ್ಡಾಯ ಮಾಡಿದಾಗ, ಇಷ್ಟವಿಲ್ಲದವರ ಮೇಲೆ ಭಾಷೆ ಹೇರಬಾರದು ಎಂದು ಹೈಕೋರ್ಟಿನವರೆಗೆ ಹೋದವರಿದ್ದ ರಾಜ್ಯ ಇದು. ಇಲ್ಲಿ ಕನ್ನಡವೇ ಬೇಕು ಎನ್ನುವ ಹುಡುಗನಿಗೆ ಇನ್ನೊಂದನ್ನು ತಲೆಗೆ ಕಟ್ಟಿದರೆ ಕೇಳುವವರೇ ಇಲ್ಲ. ಮೇಷ್ಟರ ಹೊಟ್ಟೆಪಾಡು ನನಗೂ ಅರ್ಥವಾಗುತ್ತದೆ. ಅವರ ಕೆಲಸ ಉಳಿಸುವುದು ಇಲಾಖೆಯ ಹೊಣೆ. ಅದನ್ನು ನನ್ನ ತಮ್ಮನ ಅಂಕಪಟ್ಟಿಯ ಮೇಲೆ ಏಕೆ ಹೊರಿಸುತ್ತೀರಿ?

ಇನ್ನು ಆ ಪರ್ಸೆಂಟೇಜಿನ ಉಪದೇಶ. ನಮ್ಮಲ್ಲಿ ಎಂಬಿಎಗೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆಯಲು ಸಾಮಾನ್ಯ ವರ್ಗದವರಿಗೆ ಪದವಿಯಲ್ಲಿ ಶೇ. 50 ಸಾಕು. ಫೌಂಡೇಷನ್ ಬರೆಯದೆ ಪದವಿಯ ಮೇಲೆ ನೇರವಾಗಿ ಸಿಎಗೆ ಹೋಗುವ ವಾಣಿಜ್ಯ ಪದವೀಧರರಿಗೆ ಶೇ. 55 ಸಾಕು. ಮಕ್ಕಳು ಮುಗ್ಗರಿಸುವುದು ಪರ್ಸೆಂಟೇಜಿನಲ್ಲಲ್ಲ, ಗಣಿತದಲ್ಲಿ. ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ಗಣಿತ ಇದ್ದೇ ಇದೆ. ಸಿಎ ಫೌಂಡೇಷನ್ನಿನ ನಾಲ್ಕು ಪತ್ರಿಕೆಗಳಲ್ಲಿ ಒಂದು, ಪೂರಾ 100 ಅಂಕದ್ದು, ಗಣಿತ, ತಾರ್ಕಿಕ ಪ್ರಶ್ನೆ ಮತ್ತು ಸಂಖ್ಯಾಶಾಸ್ತ್ರವೇ. ಎಚ್‌ಇಬಿಎ ಮಕ್ಕಳು ಗಣಿತದ ಪುಸ್ತಕ ಮುಚ್ಚಿದ್ದು ಎಸ್ಸೆಸ್ಸೆಲ್ಸಿಯಲ್ಲಿ. “ಮುಂದೆ ಏನು ಮಾಡಬೇಕೆಂದಿದ್ದೀಯಪ್ಪ? ಗಣಿತ ಹೇಗಿದೆ?” ಎಂದು ಆ ಮೇಜಿನಲ್ಲಿ ಒಬ್ಬರಾದರೂ ಕೇಳಬೇಕಿತ್ತು. ಬೇಸಿಕ್ ಮ್ಯಾಥ್ಸ್ ಕಲಿಸುವ ಒಂದು ತರಗತಿ ಇದೆಯೇ ಎಂದು ನಾನು ಕೇಳಿದರೆ, ವಿಜ್ಞಾನ ವಿಭಾಗದಲ್ಲಿ ವಿಚಾರಿಸಿ ಎಂದು ಕೈತೊಳೆದುಕೊಂಡರು.

ಲೆಕ್ಕಶಾಸ್ತ್ರದ ತರಗತಿಯ ಗತಿಯೂ ಇದೇ. ಪಿಯುಸಿಯಲ್ಲಿ ಎರಡು ವರ್ಷ ಜರ್ನಲ್, ಲೆಡ್ಜರ್, ಬ್ಯಾಲೆನ್ಸ್ ಶೀಟ್ ತಿದ್ದಿ ಬಂದವರನ್ನೂ, ವಿಜ್ಞಾನ ಬಿಟ್ಟು ಬಂದು ಡೆಬಿಟ್ ಯಾವುದು ಕ್ರೆಡಿಟ್ ಯಾವುದು ಎಂದೂ ತಿಳಿಯದವರನ್ನೂ ಒಂದೇ ಬೆಂಚಿನಲ್ಲಿ ಕೂರಿಸುತ್ತಾರೆ. ಮೊದಲಿನವರು ಆಕಳಿಸುತ್ತಾರೆ, ಎರಡನೆಯವರು ತಿಂಗಳೊಳಗೆ ಟ್ಯೂಷನ್ ಹುಡುಕುತ್ತಾರೆ. ಆ ಟ್ಯೂಷನ್ ಫೀಸು ಕಟ್ಟುವವರು ನಮ್ಮಂಥ ಮನೆಯವರೇ.

ಹೊಸ ನೀತಿ ಬಂದರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ನನ್ನ ಅನುಭವ ಹೇಳುತ್ತೇನೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ಜಾರಿ ಮಾಡಿದ 2021ರ ಮೊದಲ ಬ್ಯಾಚ್ ನಮ್ಮದು. ವಾಣಿಜ್ಯದವರೂ ಬೇರೆ ವಿಭಾಗದ ವಿಷಯವನ್ನು ಮುಕ್ತ ಆಯ್ಕೆಯಾಗಿ ಓದಬಹುದು ಎಂದಾಗ ನಾನು ನಿಜಕ್ಕೂ ಹಿಗ್ಗಿದ್ದೆ, ಮನಃಶಾಸ್ತ್ರ ಬರೆದಿದ್ದೆ. ಕಾಲೇಜಿನಲ್ಲಿ ಅದನ್ನು ಕಲಿಸುವವರೇ ಇರಲಿಲ್ಲ. ಆ ಅವಧಿಯಲ್ಲಿ ಯಾವ ಅತಿಥಿ ಉಪನ್ಯಾಸಕರು ಬಿಡುವಾಗಿದ್ದರೋ ಅವರ ವಿಷಯವೇ ನಮ್ಮ ಆಯ್ಕೆಯಾಯಿತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಆ ಪದ್ಧತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅದೇ ವರ್ಷ ಬಿಬಿಎ ಕೋರ್ಸು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ (ಎಐಸಿಟಿಇ) ಸುಪರ್ದಿಗೆ ಹೋಯಿತು. ಮೇಲಿನವರು ಬದಲಾಯಿಸುತ್ತಲೇ ಇದ್ದಾರೆ. ಬಿ.ಕಾಂ. ತೆಗೆದುಕೊಂಡರೆ ಏನು, ಬಿಬಿಎ ತೆಗೆದುಕೊಂಡರೆ ಏನು ಎಂದು ತಾಲ್ಲೂಕು ಕೇಂದ್ರದ ಹುಡುಗನನ್ನು ಕೂರಿಸಿಕೊಂಡು ಹೇಳುವವರು ಮಾತ್ರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅಪ್ಪ ಅಮ್ಮ ಕಾಲೇಜಿನ ಮೆಟ್ಟಿಲು ಹತ್ತದ ಮನೆಯ ಮಕ್ಕಳು ಇನ್ನಾರನ್ನು ಕೇಳಬೇಕು?

ನಾನು ಈಗ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ಕೆಲಸ ಕೇಳಿ ಬರುವ ಹೊಸ ಪದವೀಧರರಿಗೆ ಜಿಎಸ್‌ಟಿ ರಿಟರ್ನ್ ತುಂಬಿಸಲು ಹೇಳಿದರೆ ಕೈ ನಡುಗುತ್ತದೆ. ದಡ್ಡರೆಂದಲ್ಲ. ಏನು ಓದಬೇಕು ಎಂದು ಸರಿಯಾದ ಹೊತ್ತಿನಲ್ಲಿ ಯಾರೂ ಹೇಳಿಲ್ಲ, ಅಷ್ಟೇ.

ಭಾಷೆ ಬದಲಾಯಿಸಿಕೊಡಿ ಎಂದು ತಮ್ಮನ ಕೈಯಲ್ಲಿ ಅರ್ಜಿ ಬರೆಸಿ ಪ್ರಾಂಶುಪಾಲರಿಗೆ ಕೊಟ್ಟಿದ್ದೇನೆ. ಸೋಮವಾರ ಬನ್ನಿ ಎಂದಿದ್ದಾರೆ. ಹೋಗುತ್ತೇನೆ. ಆಗುವುದಿಲ್ಲ ಎಂದರೆ ಅದನ್ನೇ ಕಾಗದದಲ್ಲಿ ಬರೆದು, ಕಾರಣ ಸಮೇತ ಸಹಿ ಹಾಕಿಕೊಡಲಿ. ಅದನ್ನು ಹಿಡಿದು ವಿಶ್ವವಿದ್ಯಾಲಯಕ್ಕೂ ಹೋಗುತ್ತೇನೆ.